ಹಲಗೆಯ ಮೇಲೆ ನಿಂತ ಹಾಲೆಂಡ್

ಈ ಬೆಳಿಗ್ಗೆಯೂ ಎಂದಿನಂತೆ ಐದೂವರೆಗೆ ಎದ್ದೆ. ಹಿಂದಿನ ಬಾಗಿಲು ತೆರೆದು, ಬಾವಿಯಿಂದ ಒಂದು ಕೊಡಪಾನ ನೀರು ಸೇದಿದೆ. ಮನೆಗೆ ಪಂಪು ಉಂಟು, ಆದರೆ ಕಾಫಿಯ ನೀರನ್ನು ಮಾತ್ರ ಕೈಯಲ್ಲೇ ಸೇದುವುದು ಮದುವೆಯಾಗಿ ಬಂದಂದಿನಿಂದ ನನ್ನ ಅಭ್ಯಾಸ. ಡಿಕಾಕ್ಷನ್ ಇಳಿಯುವವರೆಗೆ ಹಿಂದಿನ ಜಗಲಿಯ ಬೆಂಚಿನಲ್ಲಿ ಕುಳಿತು ತೆಂಗಿನಕಾಯಿ ತುರಿದೆ. ಮಗಳ ಮದುವೆಯ ಸಮಯದಲ್ಲಿ ಅಡುಗೆಯವರು ತರಕಾರಿ ಹೆಚ್ಚಲಿಕ್ಕೆಂದು ಎಲ್ಲಿಂದಲೋ ತಂದ ಬೆಂಚು ಅದು. ಹಿಂದೆ ಕೊಂಡುಹೋಗಲು ಯಾರೂ ಬರಲಿಲ್ಲ, ಹಾಗೇ ಉಳಿದುಬಿಟ್ಟಿತು. ಒಂದು ತುದಿಯಲ್ಲಿ ದುಂಡಗಿನ ತೂತು ಉಂಟು. ಅಂಗಳ ಗುಡಿಸುವ ಹಿಡಿಸೂಡಿಯನ್ನು ಅದರಲ್ಲಿ ಸಿಕ್ಕಿಸಿಟ್ಟರೆ ಕೋಳಿಗಳು ಎಳೆದು ಹಾಕುವುದಿಲ್ಲ.

ಇವರು ಕಾಫಿಯ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. “ಎಂತ ಇದು, ಹಾಲು ಹಾಳಾಗಿದೆಯಾ?” ಎಂದರು.

ಹಾಲು ಸರಿಯಾಗಿಯೇ ಇತ್ತು. ನಾನು ಬಾವಿಯ ನೀರನ್ನು ಅಂಗೈಗೆ ಹಾಕಿ ನಾಲಗೆಗೆ ಮುಟ್ಟಿಸಿದೆ. ಕಡಲಿನ ಉಪ್ಪಲ್ಲ ಅದು, ಅಷ್ಟು ತೀಕ್ಷ್ಣವಲ್ಲ. ಉಪ್ಪು ಹಾಕಿದ ಗಂಜಿಯ ಪಾತ್ರೆಯನ್ನು ತೊಳೆದ ನೀರಿನ ಹಾಗೆ, ಉಂಟೋ ಇಲ್ಲವೋ ಎಂಬಷ್ಟೇ ಉಪ್ಪು. ಕಾರ್ಕಳದಲ್ಲಿ ನೆಂಟರ ಮನೆಯ ಕಾರ್ಯಕ್ರಮವಿದೆಯೆಂದು ಇವರು ಕಾಫಿ ಬಿಟ್ಟು ಹೊರಟುಹೋದರು. ನಾನು ಬಾವಿಕಟ್ಟೆಗೆ ಒರಗಿ ನಿಂತೆ. ಆ ರುಚಿ ಹೋಗಲಿಲ್ಲ. ಅದರ ಹಿಂದೆಯೇ, ಬಿಳಿ ತುಂಬುತೋಳಿನ ಅಂಗಿ ಹಾಕಿಕೊಂಡು, ಚಪ್ಪಲಿಗೆ ಒಂದು ಹನಿ ಕೆಸರೂ ತಾಗದಂತೆ ಕಾಲೆತ್ತಿಡುತ್ತಾ, ಭೂಗೋಳದ ಸರ್ ನೆನಪಿಗೆ ಬಂದರು.

ಇದನ್ನು ಗುರುವಂದನೆ ಎಂದುಕೊಂಡು ಯಾರೂ ಓದಬಾರದು. ಅವರನ್ನು ಬಹುವಚನದಲ್ಲಿ ಕರೆಯುತ್ತಿರುವುದು ಕಾನ್ವೆಂಟಿನ ಸಿಸ್ಟರುಗಳು ಹಾಕಿಕೊಟ್ಟ ಶಿಸ್ತು, ಅಷ್ಟೇ.

ಉಡುಪಿಯ ಕಾನ್ವೆಂಟಿಗೆ ನಾನು ನಮ್ಮೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಪುವಿಗೂ ಮಟ್ಟುವಿಗೂ ನಡುವೆ ಎಲ್ಲೋ ಒಂದು ಕಡೆ ನಮ್ಮೂರು. ಕಡಲು, ಕಡಲಿನ ಬದಿಗೆ ಸೀರೆಯ ಅಂಚಿನಷ್ಟು ಅಗಲದ ಮರಳು, ಮರಳಿನ ಈಚೆಗೆ ಹೊಳೆ, ಹೊಳೆಯ ಈಚೆಗೆ ಗದ್ದೆ. ಹೊಳೆ ನೇರವಾಗಿ ಕಡಲಿಗೆ ಸೇರುವುದಿಲ್ಲ. ಬಾಗಿಲು ಹುಡುಕುವವರಂತೆ ಕಡಲಿನ ಪಕ್ಕದಲ್ಲೇ ಬಹಳ ದೂರ ನಡೆಯುತ್ತದೆ. ಮಳೆಗಾಲದಲ್ಲಿ ಅದರ ನೀರು ಸಿಹಿ. ಮಳೆ ನಿಂತು ಹರಿವು ಸೋತಾಗ ಉಬ್ಬರದ ನೀರು ಒಳಗೆ ಬರುತ್ತದೆ, ಹೊಳೆ ಉಪ್ಪಾಗುತ್ತದೆ, ಅದರ ಹಿಂದೆ ಗದ್ದೆ, ಗದ್ದೆಯ ಹಿಂದೆ ಬಾವಿ. ಇದನ್ನು ತಡೆಯಲಿಕ್ಕೆ ಹೊಳೆಗೆ ಅಡ್ಡವಾಗಿ ಒಂದು ಕಿಂಡಿ ಅಣೆಕಟ್ಟು. ನಾವು ಕಟ್ಟ ಎನ್ನುತ್ತೇವೆ. ದೀಪಾವಳಿ ಕಳೆದ ಮೇಲೆ ಅದರ ಕಿಂಡಿಗಳಿಗೆ ಎರಡೆರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬಿ ತುಳಿಯುತ್ತಾರೆ. ಮುಂದಿನ ಮಳೆಗೆ ಮೊದಲು, ಹಲಗೆಯ ತುದಿಯ ತೂತಿಗೆ ಹಗ್ಗ ಹಾಕಿ ಎಳೆದು ತೆಗೆಯುತ್ತಾರೆ. ಹಾಕುವುದು ಹತ್ತು ದಿನ ತಡವಾದರೂ ಸಾಕು, ಕಡಲು ಒಳಗೆ ಬಂದು ಕುಳಿತುಕೊಳ್ಳುತ್ತದೆ.

ಇಷ್ಟು ಭೂಗೋಳವನ್ನು ನನಗೆ ಕಲಿಸಿದ್ದು ಅಮ್ಮ. ಅಮ್ಮನಿಗೆ ಸಹಿ ಹಾಕುವಷ್ಟೇ ಅಕ್ಷರ. ಕಟ್ಟದ ಹತ್ತಿರ ನಮ್ಮದೊಂದು ತುಂಡು ಗದ್ದೆ ಇತ್ತು, ಮಳೆಗಾಲಕ್ಕೆ ಭತ್ತ, ಆಮೇಲೆ ಗುಳ್ಳ ಬದನೆ. ಅದೇ ನಮ್ಮ ಊಟ, ಅದೇ ನನ್ನ ಶಾಲೆಯ ಫೀಸು. ಅಮ್ಮ ಮಣ್ಣನ್ನು ಕಾಲಿನಿಂದ ಓದುತ್ತಿದ್ದಳು. ನೀರು ಸದಾ ಕುಳಿತುಕೊಳ್ಳುವ ತಗ್ಗು ಬೈಲು, ವರ್ಷಕ್ಕೆ ಮೂರು ಬೆಳೆ. ನೀರು ಸ್ವಲ್ಪ ನಿಂತು ಎದ್ದುಹೋಗುವ ನಡುಮಟ್ಟ ಮಜಲು, ಎರಡು ಬೆಳೆ. ಮಳೆ ಬಿದ್ದಾಗ ಮಾತ್ರ ಒದ್ದೆಯಾಗುವ ಎತ್ತರ ಬೆಟ್ಟು, ಒಂದೇ ಬೆಳೆ. “ನೀರು ಎಲ್ಲಿ ಕೂತುಕೊಳ್ತದೆ ನೋಡಿ ಹಿರಿಯರು ಹೆಸರಿಟ್ಟದ್ದು ಮಗಾ. ನೀರು ಕೂತ ಜಾಗದಿಂದ ಅದನ್ನು ಎಬ್ಬಿಸಬಾರದು,” ಎನ್ನುತ್ತಿದ್ದಳು.

ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ ‘ನಿಮ್ಮ ಜಿಲ್ಲೆಯಲ್ಲಿ ಭೂಮಿಯ ಬಳಕೆ’ ಎಂಬ ಪ್ರಶ್ನೆ ಬಂತು. ನಾನು ಸಂತೋಷದಿಂದ ಅಮ್ಮ ಹೇಳಿದ್ದನ್ನೆಲ್ಲಾ ಬರೆದೆ. ಕಾರ್ಕಳದ ಕರಿಬಂಡೆ, ಮಣಿಪಾಲದ ಕೆಂಪುಕಲ್ಲಿನ ಗುಡ್ಡ, ಅದರ ಬುಡದಲ್ಲಿ ಅಲೆವೂರಿನ ಗದ್ದೆಗಳು, ಕೊನೆಗೆ ಕಾಪುವಿನ ಮರಳು, ನಡುವೆ ಬೈಲು, ಮಜಲು, ಬೆಟ್ಟು. ಕಟ್ಟದ ಒಂದು ಚಿತ್ರವನ್ನೂ ಬಿಡಿಸಿದೆ, ಹಲಗೆಯ ತುದಿಯ ತೂತುಗಳ ಸಮೇತ.

ಸರ್ ಆ ಉತ್ತರವನ್ನು ತರಗತಿಗೆ ಗಟ್ಟಿಯಾಗಿ ಓದಿದರು. ಪ್ರತಿ ವಾಕ್ಯದ ನಂತರ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ, ಹುಡುಗಿಯರು ನಕ್ಕು ಮುಗಿಸುವವರೆಗೆ ಕಾದರು. ಆಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ. “ಇದು ಭೂಗೋಳ. ನಿನ್ನ ಅಮ್ಮನ ಅಡುಗೆಮನೆ ಅಲ್ಲ,” ಎಂದರು.

ಅವರಿಗೆ ನನ್ನ ಅಮ್ಮ ಯಾರೆಂದು ಗೊತ್ತಿತ್ತು. ಅವರೂ ನಮ್ಮೂರಿನವರೇ. ಊರಿನ ದೊಡ್ಡ ಬೈಲು ಅವರದ್ದು. ಓದಿದವರೆಂದು ಕಟ್ಟದ ಸಮಿತಿಗೆ ಅವರೇ ಅಧ್ಯಕ್ಷರು, ಮಳೆಗಾಲದಲ್ಲಿ ಹಲಗೆಗಳು ಇರುತ್ತಿದ್ದದ್ದು ಅವರ ಕೊಟ್ಟಿಗೆಯ ಅಟ್ಟದಲ್ಲಿ. ಆದರೆ ಶಾಲೆಯಲ್ಲಿ ಅವರು ನನ್ನನ್ನು ಒಂದು ದಿನವೂ ಗುರುತಿಸಲಿಲ್ಲ. ಒಂದೇ ಬಸ್ಸಿನಲ್ಲಿ ಬಂದರೂ ಕಿಟಕಿಯ ಕಡೆ ನೋಡುತ್ತಿದ್ದರು. ಆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಪರೀಕ್ಷೆಯಲ್ಲಿ ನಾನು ಬರೆದ ಗದ್ದೆಗಳೇ…

ಅವರ ಪ್ರೀತಿಯ ದೇಶ ಹಾಲೆಂಡ್. ಬೇರೆ ಯಾವ ಪಾಠವಿದ್ದರೂ ಹೇಗಾದರೂ ಮಾಡಿ ಅಲ್ಲಿಗೆ ಹೋಗಿ ತಲುಪುತ್ತಿದ್ದರು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಭೂಮಿ, ಆಳೆತ್ತರದ ತಡೆಗೋಡೆ, ಗಾಳಿಯಂತ್ರ, ಸಾಲು ಸಾಲು ಟ್ಯೂಲಿಪ್ ಹೂ. ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಅವರು ಹಾಲೆಂಡ್ ನೋಡಿರಲಿಲ್ಲ. ಅದು ತಪ್ಪಲ್ಲ, ನಾನೂ ನೋಡಿಲ್ಲ. ಆದರೆ ಅವರು ನಮ್ಮ ಕಟ್ಟವನ್ನೂ ಹತ್ತಿರ ಹೋಗಿ ನೋಡಿರಲಿಲ್ಲ. ಅಧ್ಯಕ್ಷರು ಮಣ್ಣು ತುಳಿಯುವ ದಿನ ರಸ್ತೆಯಲ್ಲೇ ನಿಂತು ಕೊಡೆ ತೋರಿಸಿ ಹೋಗುತ್ತಿದ್ದರು.

ನಾನು ಹತ್ತನೆಯಲ್ಲಿದ್ದಾಗ ಅವರಿಗೆ ನಿವೃತ್ತಿಯಾಯಿತು. ದೀಪಾವಳಿ ಆಗಷ್ಟೇ ಕಳೆದಿತ್ತು. ಊರಿನವರು ಸನ್ಮಾನ ಮಾಡಬೇಕೆಂದರು, ಅಥವಾ ಊರಿನವರು ಹಾಗೆ ಹೇಳಬೇಕೆಂದು ಅವರು ನೋಡಿಕೊಂಡರು. ಭತ್ತ ಕೊಯ್ದು ಖಾಲಿಯಾದ ಅವರದ್ದೇ ಗದ್ದೆಯಲ್ಲಿ ಚಪ್ಪರ ಎದ್ದಿತು. ವೇದಿಕೆಗೆ ಗಟ್ಟಿ ಹಲಗೆ ಬೇಕಲ್ಲ? ಅವರ ಕೊಟ್ಟಿಗೆಯ ಅಟ್ಟದಲ್ಲೇ ಸಾಲಾಗಿ ಇತ್ತು. ಕಟ್ಟಕ್ಕೆ ಇಳಿಯಬೇಕಾದ ಹಲಗೆಗಳು ಡ್ರಮ್ಮುಗಳ ಮೇಲೆ ಏರಿದವು. ಅವುಗಳ ಮೇಲೆ ನೀಲಿ ಜಮಖಾನೆ.

ಒಂದೇ ದಿನದ ಮಾತೆಂದು ಎಲ್ಲರೂ ಸುಮ್ಮನಿದ್ದರು. ಆದರೆ ಮುಖ್ಯ ಅತಿಥಿಗಳಿಗೆ ಆ ಭಾನುವಾರ ಪುರುಸೊತ್ತಾಗಲಿಲ್ಲ. ಮುಂದಿನ ಭಾನುವಾರವೂ ಆಗಲಿಲ್ಲ. ಚಪ್ಪರದ ತೆಂಗಿನ ಮಡಲು ಒಣಗಿತು, ವೇದಿಕೆ ಹಾಗೇ ನಿಂತಿತು. ಕಡಲು ಹೆಚ್ಚು ಉಬ್ಬುವ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ನಮ್ಮ ಗುಳ್ಳದ ಗಿಡಗಳು ಆಗಷ್ಟೇ ಮೊದಲ ಕಾಯಿ ಬಿಟ್ಟಿದ್ದವು.

ಅಮ್ಮ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು. ಅಂಗಳದಲ್ಲೇ ನಿಂತೆವು. ಜಗಲಿಯಲ್ಲಿ ಅವರು, ಅವರ ಪಕ್ಕದಲ್ಲಿ ಯಾರೋ ಪೇಟೆಯ ಗೆಳೆಯರು.

“ಸರ್, ಹಲಗೆ ಇಳಿಸ್ಬೇಕಿತ್ತು. ಅಮಾಸೆ ಬಂತು,” ಎಂದಳು ಅಮ್ಮ.

“ನೋಡುವ. ಬರುವ ಭಾನುವಾರ ಖಂಡಿತ ಬರ್ತಾರಂತೆ ಅವರು. ಅಷ್ಟರೊಳಗೆ ಸಮುದ್ರ ಎಲ್ಲಿಗೂ ಓಡಿಹೋಗುದಿಲ್ಲ ಅಲ್ವಾ?”

“ಸಮುದ್ರ ಓಡಿಹೋಗುದಿಲ್ಲ ಸರ್. ಓಡಿ ಬರ್ತದೆ.”

ಸರ್ ಗೆಳೆಯರ ಕಡೆ ತಿರುಗಿ, “ಕೇಳಿದಿರಾ? ನಮ್ಮೂರಿನ ವಿಜ್ಞಾನಿಗಳು,” ಎಂದು ನಕ್ಕರು. ಅಮ್ಮನೂ ನಕ್ಕಳು. ದೊಡ್ಡವರು ನಕ್ಕಾಗ ನಗದಿದ್ದರೆ ಮರ್ಯಾದೆಯಲ್ಲ. ಆ ನಗುವಿಗಾಗಿ ನಾನು ಅಮ್ಮನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡೆನೆಂದರೆ, ಹಿಂದಿರುಗುವಾಗ ಹತ್ತು ಮಾರು ಮುಂದೆ ನಡೆದೆ.

ಸನ್ಮಾನ ಆಯಿತು. ನಾವೂ ಹೋಗಿದ್ದೆವು, ಹೋಗದೆ ಇರಲಿಕ್ಕಾಗುತ್ತದೆಯೇ? ಅಮ್ಮ ಬಾಳೆಲೆಯಲ್ಲಿ ಐದು ಗುಳ್ಳ ಕಟ್ಟಿಕೊಂಡು ಬಂದಿದ್ದಳು, ಆ ವರ್ಷದ ಮೊದಲ ಕೊಯ್ಲು. ಸರ್ ಅದನ್ನು ತೆಗೆದುಕೊಂಡು, ನೋಡದೆಯೇ, ಹಿಂದೆ ನಿಂತವರ ಕೈಗೆ ದಾಟಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆದ ಮೇಲೆ ಮೈಕಿನ ಮುಂದೆ ಬಂದು, ಗಂಟಲು ಸರಿಮಾಡಿ, ನೇರವಾಗಿ ಹಾಲೆಂಡಿಗೆ ಹೋದರು.

“ಹಾಲೆಂಡಿನವರು ಸಮುದ್ರಕ್ಕೆ ‘ನಿಲ್ಲು’ ಎಂದರು, ಸಮುದ್ರ ನಿಂತಿತು! ನಮ್ಮವರು ಎಂತ ಮಾಡ್ತಾರೆ? ನಾಲ್ಕು ಹಲಗೆ ಇಟ್ಟು, ಮಣ್ಣು ಮೆತ್ತಿ, ದೇವರಿಗೆ ಕೈಮುಗಿದು ಮಲಗ್ತಾರೆ!”

ಜನ ಚಪ್ಪಾಳೆ ತಟ್ಟಿದರು. ಮಾತಿನ ಭರದಲ್ಲಿ ಸರ್ ಹಿಮ್ಮಡಿ ಎತ್ತಿ ಇಳಿಸಿದಾಗಲೆಲ್ಲಾ ಅಡಿಯಲ್ಲಿ ಹಲಗೆ ದಡದಡ ಎನ್ನುತ್ತಿತ್ತು. ಜಮಖಾನೆ ಒಂದು ಕಡೆ ಸರಿದಿತ್ತು. ಅಮ್ಮ ನನ್ನ ಮೊಣಕೈ ಮುಟ್ಟಿ, “ತೂತು ನೋಡು. ನಮ್ಮ ಕಟ್ಟದ್ದು,” ಎಂದಳು. ದೂರು ಹೇಳಿದಂತಿರಲಿಲ್ಲ ಅವಳ ದನಿ. ಸಂತೆಯಲ್ಲಿ ನಮ್ಮ ಮನೆಯ ಹಸು ಸಿಕ್ಕಿದರೆ ಹೇಳುವಂತಿತ್ತು.

ನೀರು ಅದಾಗಲೇ ಬಂದಿತ್ತು. ಅಮಾವಾಸ್ಯೆಯ ಉಬ್ಬರ ಆ ವಾರದ ನಡುವೆಯೇ ಕಿಂಡಿ ದಾಟಿ ಗದ್ದೆಗೆ ಹತ್ತಿತ್ತು. ಒಂದೆರಡು ದಿನ ಎಂತದೂ ಕಾಣಲಿಲ್ಲ. ಆಮೇಲೆ ಗುಳ್ಳದ ಎಲೆಗಳ ಅಂಚು, ದೀಪಕ್ಕೆ ಹಿಡಿದ ಕಾಗದದ ಹಾಗೆ, ಕಂದಾಗುತ್ತಾ ಒಳಗೆ ಬಂತು. ಅಮ್ಮ ಒಂದು ಎಲೆ ಮುರಿದು ನಾಲಗೆಗೆ ಮುಟ್ಟಿಸಿ ನೋಡಿದಳು. ಮತ್ತೆ ಎರಡು ದಿನ ಒಬ್ಬಳೇ ಗಿಡ ಕಿತ್ತಳು. ನಾನು ಸಹಾಯಕ್ಕೆ ಹೋದರೆ, “ನಿನಗೆ ಪರೀಕ್ಷೆ ಉಂಟು, ಹೋಗು,” ಎಂದಳು. ಆ ಉಪ್ಪು ಒಂದು ಮಳೆಗಾಲಕ್ಕೆ ಹೋಗಲಿಲ್ಲ. ಅಮ್ಮ ಗೇರುಬೀಜದ ಕಾರ್ಖಾನೆಗೆ ಸೇರಿದಳು. ನನ್ನ ಓದು ಹತ್ತನೆಯದಕ್ಕೆ ನಿಂತಿತು. ಎರಡಕ್ಕೂ ಸಂಬಂಧ ಉಂಟೆಂದು ಅಮ್ಮ ಯಾವತ್ತೂ ಹೇಳಲಿಲ್ಲ. ನಾನೂ ಹೇಳುವುದಿಲ್ಲ, ಆದರೆ…

ಸರ್ ವಿಷಾದ ವ್ಯಕ್ತಪಡಿಸಲಿಲ್ಲ. ಸಮಿತಿಯ ಸಭೆಯಲ್ಲಿ, ಈ ಬಾರಿ ಸಮುದ್ರದ ಮಟ್ಟವೇ ಸ್ವಲ್ಪ ಜಾಸ್ತಿ ಇತ್ತು ಎಂದರಂತೆ. ಭೂಗೋಳದ ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು.

ಕೆಲವು ವರ್ಷಗಳ ನಂತರ, ನಾನು ಮದುವೆಯಾಗಿ ಅದೇ ಊರಿನ ಈ ಮನೆಗೆ ಬಂದ ಮೇಲೆ, ಅವರು ತಮ್ಮ ಬೈಲನ್ನು ತುಂಬಿಸಿದರು. ಮಣಿಪಾಲದ ಕಡೆಯ ಗುಡ್ಡ ಕಡಿದ ಕೆಂಪುಮಣ್ಣು ಟಿಪ್ಪರುಗಳಲ್ಲಿ ಬಂತು. ನಾಲ್ಕು ತಿಂಗಳು ನಮ್ಮ ಬಟ್ಟೆ ಹಗ್ಗದಲ್ಲೇ ಕೆಂಪಾಯಿತು. ಶತಮಾನಗಳಿಂದ ನೀರು ಕುಳಿತಿದ್ದ ಜಾಗದಿಂದ ನೀರನ್ನು ಎಬ್ಬಿಸಿ, ಗೆರೆ ಹಾಕಿ, ಸೈಟು ಮಾಡಿ, ಕಮಾನು ಕಟ್ಟಿಸಿ ಬೋರ್ಡು ಹಾಕಿದರು. ಬೋರ್ಡಿನಲ್ಲಿ ಒಂದು ಟ್ಯೂಲಿಪ್ ಹೂವಿನ ಚಿತ್ರ. ಬಡಾವಣೆಯ ಹೆಸರೂ ಅದೇ. ನಾನು ಆ ಕಮಾನಿನ ಕೆಳಗೆ ಮೀನಿನ ಚೀಲ ಹಿಡಿದುಕೊಂಡು ಒಬ್ಬಳೇ ನಿಂತು ನಕ್ಕಿದ್ದೇನೆ. ಒಬ್ಬ ಮನುಷ್ಯ ಜೀವಮಾನವಿಡೀ ಒಂದು ದೇಶವನ್ನು ಪ್ರೀತಿಸಿ, ಕೊನೆಗೆ ಅದರಿಂದ ಕಲಿತದ್ದು ಒಂದು ಹೂವಿನ ಹೆಸರು! ಮಳೆಗಾಲದಲ್ಲಿ ಎಬ್ಬಿಸಿದ ನೀರೆಲ್ಲಾ ಪಕ್ಕದ ಮನೆಗಳ ಅಂಗಳಕ್ಕೆ ಬಂದು ಕುಳಿತಿತು, ಅದು ಬೇರೆ ಮಾತು.

ಕೊನೆಯ ಸಲ ಅವರನ್ನು ಕಂಡದ್ದು ಮಣಿಪಾಲದ ಬಸ್ ನಿಲ್ದಾಣದಲ್ಲಿ. ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಔಷಧಿಯ ಪ್ಲಾಸ್ಟಿಕ್ ಚೀಲ. ಅಂಗಿಯ ತೋಳು ಈಗಲೂ ತುಂಬುತೋಳೇ, ಆದರೆ ಗುಂಡಿಗಳು ತಪ್ಪಿ ಒಂದು ಕಾಜಾ ಮೇಲಕ್ಕೆ ಬಿದ್ದಿದ್ದವು. ಆಗ ಬಸ್ಸಿನಲ್ಲಿ ಅವರು ಕಿಟಕಿ ನೋಡುತ್ತಿದ್ದ ಹಾಗೆ ನಾನೂ ಬೇರೆ ಕಡೆ ನೋಡಿದೆ. ಅವರೇ ಹತ್ತಿರ ಬಂದರು.

“ನೀನು ಕಟ್ಟದ ಹತ್ತಿರದವಳಲ್ವಾ?”

“ಹೌದು ಸರ್.”

“ಬೈಲು… ಮಜಲು… ಬೆಟ್ಟು,” ಎಂದರು, ನಿಧಾನವಾಗಿ, ಮಗ್ಗಿ ಒಪ್ಪಿಸುವವರಂತೆ. ಆಮೇಲೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಆ ಹಲಗೆ…”

ನನ್ನ ಬಸ್ಸು ಬಂತು. ಅದರ ಹಿಂದೆ ಕಾಪುವಿಗೆ ಇನ್ನೊಂದು ಬಸ್ಸು ಇತ್ತು, ನನಗೆ ಗೊತ್ತಿತ್ತು. ಆದರೂ ಮೊದಲನೆಯದಕ್ಕೇ ಹತ್ತಿದೆ. ಗೊತ್ತಿಲ್ಲದೆ ಮಾಡಿದವರೆಂದು ಆವರೆಗೆ ಎಲ್ಲೋ ಒಂದು ಮೂಲೆಯಲ್ಲಿ ಅವರಿಗೆ ಸ್ವಲ್ಪ ಜಾಗ ಇಟ್ಟಿದ್ದೆ. ಈಗ ಅದೂ ಹೋಯಿತು. ಅವರಿಗೆ ಎಲ್ಲಾ ಗೊತ್ತಿತ್ತು. ಮೂವತ್ತು ವರ್ಷ ನನ್ನ ಉತ್ತರ ಪತ್ರಿಕೆ ಬಾಯಿಪಾಠ ಇತ್ತು. ಸೊನ್ನೆ ಹಾಕಿದ ಕೈಗೆ ಸರಿಯುತ್ತರ ತಿಳಿದೇ ಇತ್ತು.

ಆಮೇಲೆ ಅವರು ತೀರಿಕೊಂಡರು. ಪೇಪರಿನಲ್ಲಿ ಫೋಟೋ ಬಂತು, ಸನ್ಮಾನದ ದಿನದ್ದೇ ಫೋಟೋ, ಶಾಲು ಹೊದ್ದದ್ದು.

ಇಷ್ಟೆಲ್ಲಾ ನೆನಪಾಗಿ, ಹತ್ತು ಗಂಟೆಗೆ ಕೊಡೆ ತೆಗೆದುಕೊಂಡು ಕಟ್ಟಕ್ಕೆ ಹೋದೆ. ಈ ವರ್ಷದ ಹಲಗೆ ಹಾಕಿ ವಾರವಾಗಿದೆ ಎಂದು ಕೇಳಿದ್ದೆ. ಹಾಗಿದ್ದರೆ ಬಾವಿ ಏಕೆ ಉಪ್ಪಾಗಬೇಕು? ಕೆಲವು ಊರುಗಳಲ್ಲಿ ಈಗ ಫೈಬರ್ ಹಲಗೆ ಬಂದಿದೆಯಂತೆ, ನಮ್ಮ ಕಟ್ಟಕ್ಕೆ ಇನ್ನೂ ಆ ಹಳೆಯ ಮರದ್ದೇ. ಕಿಂಡಿಗಳಿಗೆಲ್ಲಾ ಹಲಗೆ ಇಳಿದಿತ್ತು, ಕೊನೆಯದೊಂದನ್ನು ಬಿಟ್ಟು. ಆ ಕಿಂಡಿಯಲ್ಲಿ ಅರ್ಧದವರೆಗೆ ಮಾತ್ರ ಹಲಗೆ. ಅದರ ಮೇಲಿಂದ ಉಬ್ಬರದ ನೀರು ಅವಸರವಿಲ್ಲದೆ ಒಳಗೆ ಇಳಿಯುತ್ತಿತ್ತು. ಮಣ್ಣು ತುಳಿಯುತ್ತಿದ್ದ ಒಬ್ಬರು ನನ್ನನ್ನು ನೋಡಿ ಮುಂಡಾಸು ಸರಿಮಾಡಿಕೊಂಡರು.

“ಹಲಗೆ ಸಾಲುದಿಲ್ಲ ಅಮ್ಮ. ವರ್ಷ ವರ್ಷ ಕಡಿಮೆ ಆಗ್ತಾ ಉಂಟು.”

“ಎಲ್ಲಿಗೆ ಹೋಗ್ತದೆ?”

“ಯಾರದ್ದೋ ಜಾಗರಣೆ, ಯಾರದ್ದೋ ಮದುವೆ. ಕೊಂಡುಹೋಗುವಾಗ ಎಲ್ಲರೂ ಹೇಳ್ತಾರೆ, ನಾಳೆ ತಂದು ಹಾಕ್ತೇವೆ ಅಂತ. ನಾವು ಮನೆ ಮನೆಗೆ ಹೋಗಿ ಹುಡುಕ್ಲಿಕ್ಕಾಗ್ತದಾ?”

ಬರುವ ದಾರಿಯಲ್ಲಿ ನನ್ನ ಕಣ್ಣು ಸುಮ್ಮನಿರಲಿಲ್ಲ. ಒಂದು ಮನೆಯವರು ಚರಂಡಿಗೆ ಅಡ್ಡ ಹಾಕಿದ್ದರು. ಇನ್ನೊಂದು ದೊಡ್ಡ ಮನೆಯ ಗೇಟಿನಲ್ಲಿ ಸ್ಕೂಟರು ಹತ್ತಿಸಲು ಇಳಿಜಾರು ಮಾಡಿದ್ದರು. ಕಪ್ಪು ಮರ, ತುದಿಯಲ್ಲಿ ತೂತು. ಎಂಥ ಜನ ಎನಿಸಿತು. ಮೇಷ್ಟ್ರಿಗೆ ವೇದಿಕೆಯಾದರೂ ಬೇಕಿತ್ತು, ಇವರಿಗೆ ಸ್ಕೂಟರು! ಆ ಮನೆಯ ಗೇಟಿನ ಮುಂದೆ ಬೇಕೆಂದೇ ಸ್ವಲ್ಪ ಹೊತ್ತು ನಿಂತೆ. ಯಾರಾದರೂ ಹೊರಗೆ ಬಂದಿದ್ದರೆ ಹೇಳುತ್ತಿದ್ದೆ. ಮೆಲ್ಲಗೆ, ಆದರೆ ಹೇಳುತ್ತಿದ್ದೆ. ಯಾರೂ ಬರಲಿಲ್ಲ.

ಮನೆಗೆ ಬಂದು ಇನ್ನೊಮ್ಮೆ ನೀರು ಸೇದಿ ನೋಡಿದೆ. ಬೆಳಗಿನದಕ್ಕಿಂತ ಹೆಚ್ಚೇ ಉಪ್ಪಿತ್ತು. ಅತ್ತೆಯ ಕಾಲದಿಂದ ಬೇಸಿಗೆಯಲ್ಲೂ ಎಳನೀರಿನಂತಿದ್ದ ಬಾವಿ ಇದು. ಗೇರುಕಾರ್ಖಾನೆಯಲ್ಲಿ ಕೈ ಕಪ್ಪಾದ ಅಮ್ಮ, ನನ್ನ ಮನೆಗೆ ಬಂದಾಗಲೆಲ್ಲಾ ಮೊದಲು ಒಂದು ಚೊಂಬು ಈ ನೀರು ಕುಡಿದು, “ನಿನಗೆ ಬಾವಿಯಾದ್ರೂ ಒಳ್ಳೆಯದು ಸಿಕ್ಕಿತು,” ಎನ್ನುತ್ತಿದ್ದಳು. ಅವಳೂ ಇಲ್ಲ, ಅವಳ ಗದ್ದೆಯೂ ಇಲ್ಲ. ಆ ಮೇಷ್ಟ್ರೂ ಇಲ್ಲ, ಬಸ್ ನಿಲ್ದಾಣದಲ್ಲಿ ಅರ್ಧಕ್ಕೆ ನಿಂತ ಅವರ ಮಾತೂ ಅವರೊಂದಿಗೇ ಹೋಯಿತು. ಇನ್ನೊಂದು ಬಸ್ಸಿನವರೆಗೆ ನಾನು ಕಾಯಬಹುದಿತ್ತು.

ಸಂಜೆ ಪಕ್ಕದ ಮನೆಯ ಮೈಮೂನಕ್ಕ ಬಂದರು. ಅವರ ಗಂಡನಿಗೆ ಪೇಟೆಯಲ್ಲಿ ಅಕ್ಕಿ-ಬೇಳೆಯ ಜೀನಸಿನ ಅಂಗಡಿ. ಅವರ ಬಾವಿಯೂ ಉಪ್ಪಾಗಿತ್ತಂತೆ, ಅನ್ನಕ್ಕೆ ಉಪ್ಪು ಹಾಕುವ ಕೆಲಸ ಉಳಿಯಿತು ಎಂದು ನಕ್ಕರು. ನಾನು ನಗಲಿಲ್ಲ. ಕಟ್ಟದಲ್ಲಿ ಕಂಡದ್ದು, ಚರಂಡಿಯ ಮೇಲಿನದ್ದು, ಸ್ಕೂಟರಿನದ್ದು ಎಲ್ಲಾ ಹೇಳಿದೆ. ಹೇಳುತ್ತಾ ದನಿ ಸ್ವಲ್ಪ ಏರಿರಬೇಕು, ಅವರು ಕೈಯೆತ್ತಿ, “ಇರ್ಲಿ ಬಿಡು ಮಾರಾಯ್ತಿ, ಮೊದಲು ಒಂದು ಚಾ ಕೊಡು,” ಎಂದರು. ಹಿಂದಿನ ಜಗಲಿಯ ಬೆಂಚಿನ ತೂತಿನಿಂದ ಹಿಡಿಸೂಡಿಯನ್ನು ತೆಗೆದು ಗೋಡೆಗೆ ಒರಗಿಸಿ, ಬೆಂಚಿನಲ್ಲಿ ಕಾಲು ಮೇಲಿಟ್ಟು ಕುಳಿತರು. ಅದರ ಮೇಲೆ ಅಂಗೈ ಆಡಿಸಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡಿದರು.

“ಕಟ್ಟದ ಹಲಗೆ ಅಂದ್ರೆ ಹಾಗೆಯೇ ನೋಡು. ಎಷ್ಟು ವರ್ಷ ಆದ್ರೂ ಎಂತದೂ ಆಗುದಿಲ್ಲ.”